ನಾಲ್ಕನೇ ಕ್ಲಾಸಿನ ಪಾಠವೂ ನನ್ನ ಮುರಾಯಿ ಹಕ್ಕಿಯೂ

ಮಕ್ಕಳು ಶಾಲೆಯಲ್ಲಿ ಏನು ಕಲಿಯುತ್ತಾರೆ ಎಂಬುದನ್ನು ತಂದೆಯಾದವನು ತಿಳಿದುಕೊಳ್ಳಲು ಹೋಗಬಾರದು. ತಿಳಿದುಕೊಂಡರೂ ಅದರಿಂದ ಸ್ವಂತ ಲಾಭಕ್ಕೆ ಕೈಹಾಕಬಾರದು. ಈ ಜ್ಞಾನೋದಯ ನನಗೆ ನನ್ನದೇ ಮನೆಯ ಜಗುಲಿಯಲ್ಲಿ, ಬಿದಿರಿನ ಮಂಚದ ಮೇಲೆ, ಸೊಳ್ಳೆಗಳ ದಿವ್ಯ ಸನ್ನಿಧಿಯಲ್ಲಿ ಆಯಿತು. ಹೇಗೆಂದು ಹೇಳುತ್ತೇನೆ, ನೀವಾದರೂ ಹುಷಾರಾಗಿರಿ.

ಜುಲೈನಲ್ಲಿ ಶಾಲೆ ತೆರೆಯುವ ಮುಂಚೆ ಪೋಷಕರ ಸಭೆ ಇರುತ್ತದೆ. ಪ್ರತಿ ಸಲ ನನ್ನ ಹೆಂಡತಿ ಮುರ್ನಿ ಹೋಗುತ್ತಿದ್ದಳು. ಈ ಸಲ ಅವಳು ನಮ್ಮ ಜೊತೆಗೇ ಇರುವ ತನ್ನ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಹಾಗಾಗಿ ಜಾವಾದ ಕ್ಲಾತೆನ್ ಪೇಟೆಯಲ್ಲಿ ಬೈಕಿನ ಸೀಟುಗಳಿಗೆ ಕವರ್ ಹೊಲಿದುಕೊಂಡು ತೆಪ್ಪಗಿದ್ದ ನಾನು ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು, ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತೆ.

ಟೀಚರ್ ವುರ್ಯಾನಿ (ಮಕ್ಕಳೆಲ್ಲ 'ಬು ಗುರು', ಅಂದರೆ ಟೀಚರಮ್ಮ, ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ, ಅವರ ಎದುರು ನಾವೂ ಮಕ್ಕಳೇ) ಮುಂದಿನ ಅವಧಿಯ ಪಾಠಗಳನ್ನು ಹೇಳತೊಡಗಿದರು. ಭಿನ್ನರಾಶಿ ಬಂದಾಗ ನನಗೆ ಆಕಳಿಕೆ ಬಂತು. ಗಿಡ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವುದು ಬಂದಾಗ ನಿದ್ದೆಯೇ ಬಂತು.

"ಪೌರನೀತಿ ಪಾಠದಲ್ಲಿ ಮೊದಲು ಮುಷಾವರಾ," ಎಂದರು ಬು ಗುರು. "ಎಲ್ಲರೂ ಕೂತು ಮಾತಾಡಿ ಒಮ್ಮತಕ್ಕೆ ಬರೋದು. ಕೈ ಎತ್ತಿಸಿ ಎಣಿಸೋ ಹಾಗಿಲ್ಲ. ಮನೇಲೂ ಒಂದು ನಿಜವಾದ ವಿಷಯ ಇಟ್ಕೊಂಡು ಮಾಡಿಸಿ. ಮಕ್ಕಳೇ ಅಧ್ಯಕ್ಷರು. ಅದಾದ ಮೇಲೆ, ಹಿರಿಯರಿಗೆ ಗೌರವ."

ನನ್ನ ನಿದ್ದೆ ಹಾರಿತು. ಚಪ್ಪಾಳೆಯನ್ನೂ ತಟ್ಟಿದೆ. ಎರಡೂ ಪಾಠಗಳು ನನ್ನ ಹಿತಕ್ಕೆಂದೇ ಬರೆದ ಹಾಗಿದ್ದವು.

ನನ್ನ ಹತ್ತಿರ ಒಂದು ಮುರಾಯಿ ಹಕ್ಕಿ ಇದೆ. ಹೆಸರು ಗುಂತುರ್, ಅಂದರೆ ಗುಡುಗು. ಮಿಡತೆ, ಇರುವೆ ಮೊಟ್ಟೆ ತಿನ್ನಿಸಿ, ದಿನಾ ಸ್ನಾನ ಮಾಡಿಸಿ ಸಾಕಿದ್ದೇನೆ (ನನ್ನ ಸ್ನಾನ ಒಂದೊಂದು ದಿನ ತಪ್ಪುತ್ತದೆ, ಅದರದ್ದು ತಪ್ಪುವುದಿಲ್ಲ). ಮುರಾಯಿ ಕೇಳಿದ್ದನ್ನೆಲ್ಲ ಕಲಿಯುವ ಹಕ್ಕಿ. ಒಳ್ಳೆಯ ಹಾಡುಹಕ್ಕಿಗಳ ಧ್ವನಿ ಕೇಳಿಸಿದರೆ ಅದನ್ನು ಕಲಿತು ಹಾಡಿನ ಸ್ಪರ್ಧೆಯಲ್ಲಿ ವಿಜೇತರ ಬಾವುಟ ಗೆಲ್ಲುತ್ತದೆ. ಆದರೆ ಜಗುಲಿಯಲ್ಲಿ ತೂಗುಹಾಕಿದರೆ ಕೇಳಿಸುವುದು ಏನು? ಪಕ್ಕದ ಮನೆಯ ಮೇಕೆ, ಬೀದಿಯ ಬೈಕು. ಒಳಗೆ ಮುಂಭಾಗದ ಕೋಣೆಯಲ್ಲಿ ತೂಗುಹಾಕಿದರೆ ಫೋನಿನಲ್ಲಿ ಬೇಕಾದ ಹಾಡು ಹಾಕಿ ಕಲಿಸಬಹುದು. ಅಕ್ಟೋಬರಿನ ಸ್ಪರ್ಧೆ ಗೆಲ್ಲಬೇಕಾದರೆ ಬೇರೆ ದಾರಿಯೇ ಇಲ್ಲ.

ಇದನ್ನು ಮುರ್ನಿಗೆ ಎಷ್ಟೋ ಸಲ ಹೇಳಿದ್ದೆ. ಅವಳು ಒಮ್ಮೆಯೂ ಬೇಡ ಎಂದಿಲ್ಲ. ಜಾವಾದ ಹೆಣ್ಣುಮಗಳು ಬೇಡ ಎನ್ನುವುದಿಲ್ಲ, "ಹೂಂ" ಎನ್ನುತ್ತಾಳೆ. ಆ ಹೂಂ ಎಷ್ಟು ಉದ್ದವಿರುತ್ತದೋ ಕೆಲಸ ಅಷ್ಟು ದೂರ ಹೋಯಿತೆಂದು ಲೆಕ್ಕ. ಹಕ್ಕಿಯ ವಿಷಯಕ್ಕೆ ಬಂದ ಹೂಂ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿರುತ್ತಿತ್ತು.

ಆದರೆ ಮಗಳ ಅಧ್ಯಕ್ಷತೆಯ ತುಂಬಿದ ಸಭೆಯಲ್ಲಿ? ಅಲ್ಲಿ ಬಾಯಿಬಿಟ್ಟು ಬೇಡ ಎನ್ನಬೇಕು. ಅದು ಅವಳಿಂದಾಗದು, ಅವಳ ತಾಯಿಯಿಂದಂತೂ ಇಲ್ಲವೇ ಇಲ್ಲ. ಬೇಡ ಎನ್ನುವವರಿಲ್ಲದ ಮೇಲೆ ಒಮ್ಮತವೇ ಅಲ್ಲವೇ? ನನ್ನ ಬುದ್ಧಿಗೆ ನಾನೇ ಬೆರಗಾದೆ.

ಶಾಲೆ ಶುರುವಾದ ಮೊದಲ ಭಾನುವಾರ ಊಟವಾದ ಮೇಲೆ ಚಾಪೆ ಹಾಸಿ ಕೂತೆವು. ನಡುವೆ ಸಿಹಿ ಚಹಾ, ಸೋಯಾ ಕಾಳಿನ ಕರಿದ ಟೆಂಪೆ. ಮಗಳು ಲಕ್ಸಿತಾ ಶಾಲೆಯ ಟೋಪಿ ಹಾಕಿಕೊಂಡು ಬಂದಳು.

"ಸಭೆ ಶುರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು. ಟೆಂಪೆ ತಿನ್ನಬಹುದು. ಅಪ್ಪ, ವಿಷಯ ಏನು?"

ನಾನು ಗಂಟಲು ಸರಿಮಾಡಿಕೊಂಡು, ಮುರಾಯಿಯ ಕುಲಗೋತ್ರದಿಂದ ಹಿಡಿದು ಕ್ಲಾತೆನ್ನಿನ ಕೀರ್ತಿಯವರೆಗೆ ಘನಗಂಭೀರ ಭಾಷಣ ಮಾಡಿದೆ. "ಅದು ಕೇಳಿದ್ದನ್ನೆಲ್ಲ ಕಲಿಯುತ್ತೆ. ಒಂದು ಸಲ ಕೆಟ್ಟ ಸದ್ದು ಕಲೀತು ಅಂದ್ರೆ ಮುಗೀತು, ಜನ್ಮದಲ್ಲಿ ಬಿಡಲ್ಲ," ಎಂದು ಒತ್ತಿ ಹೇಳಿದೆ. (ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವರೆಲ್ಲ ನೆನಪಿಟ್ಟುಕೊಂಡರು.)

"ಅಮ್ಮ, ನೀನೇನು ಹೇಳ್ತೀಯ?"

"ಪಾಕ್ನೆ ಹೇಳಿದ ಮೇಲೆ ನಂದೇನಿದೆ?" ಎಂದಳು ಮುರ್ನಿ. ಮಗಳು ಹುಟ್ಟಿದಂದಿನಿಂದ ಅವಳು ನನ್ನ ಹೆಸರು ಹಿಡಿದಿಲ್ಲ. ಮಗುವಿನ ಅಪ್ಪನಾದ್ದರಿಂದ ನಾನು ಪಾಕ್ನೆ, ಅಮ್ಮನಾದ್ದರಿಂದ ಅವಳು ಬುನೆ.

"ಅಜ್ಜಿ?"

"ನಾನು ಮುದುಕಿ. ನನ್ನ ಮಾತು ಯಾವ ಲೆಕ್ಕ, ಮಗಾ."

"ನೋಡಿದ್ಯಾ?" ಎಂದೆ ನಾನು ಹಿಗ್ಗಿ. "ಯಾರೂ ಬೇಡ ಅಂದಿಲ್ಲ. ಮೌನ ಸಮ್ಮತಿ ಲಕ್ಷಣ. ಬರ್ಕೋ."

"ಹಾಗಂದ್ರೆ?"

"ಸುಮ್ಮನೆ ಕೂತ್ರೆ ಒಪ್ಪಿಕೊಂಡ ಹಾಗೆ. ದೊಡ್ಡವರು ಮಾಡಿಟ್ಟ ನಿಯಮ."

ಲಕ್ಸಿತಾ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದಳು. ಆಮೇಲೆ ತಲೆಯೆತ್ತಿ, "ಆದ್ರೆ ಬು ಗುರು ಹೇಳಿದಾರೆ, ಒಪ್ಪಿದ್ರೂ ಮನಸ್ಸಲ್ಲಿ ಇರೋದನ್ನ ಹೇಳ್ಲೇಬೇಕಂತೆ. ಅಮ್ಮ?" ಎಂದಳು.

ಮುರ್ನಿ ನಿಧಾನವಾಗಿ ನನ್ನ ಲೋಟಕ್ಕೆ ಚಹಾ ಬಗ್ಗಿಸಿದಳು. "ಗುಂತುರ್ ಒಳಗೆ ಬರಲಿ, ನಂಗೂ ಸಂತೋಷಾನೇ. ಒಂದೇ ಒಂದು ಸಣ್ಣ ಅನುಮಾನ. ತಪ್ಪು ತಿಳ್ಕೋಬೇಡಿ, ಪಾಕ್ನೆ. ಕೇಳಿದ್ದನ್ನೆಲ್ಲ ಕಲಿಯುತ್ತೆ ಅಂದ್ರಲ್ಲ... ಮತ್ತೆ ಆ ಗೊರಕೆ?"

"ಯಾರ ಗೊರಕೆ?"

ಮೂವರೂ ಟೆಂಪೆ ತಟ್ಟೆಯನ್ನೇ ನೋಡುತ್ತಿದ್ದರು.

"ನಮ್ಮನೆ ಗೋಡೆಗಳು ಸೂರಿನ ತನಕ ಇಲ್ಲ ನೋಡಿ," ಎಂದರು ಅತ್ತೆ, ಮುಂದಿನ ಹಲ್ಲಿಲ್ಲದ ಬಾಯಿಂದ ಮೆತ್ತಗೆ. "ನಮಗೇನೋ ರೂಢಿಯಾಗಿದೆ. ಹಕ್ಕಿ ಪಾಪ, ಸೂಕ್ಷ್ಮ."

"ಅತ್ತೆ, ನಾನು ಗೊರಕೆ ಹೊಡೆಯಲ್ಲ!"

"ನೀವು ಅಂತ ಯಾರು ಹೇಳಿದ್ರು, ಅಳಿಯಂದಿರೇ? ರಾತ್ರಿ ಒಂದು ಸದ್ದು ಬರುತ್ತೆ ಅಂದೆ, ಅಷ್ಟೆ."

ಅಧ್ಯಕ್ಷರು ಪೆನ್ಸಿಲ್ ಕಡಿಯುತ್ತ ಯೋಚಿಸಿದರು. "ಹಕ್ಕಿ ಒಳಗೆ ಬರಬೇಕು. ಸದ್ದು ಒಳಗೆ ಇರಬಾರದು. ಹಕ್ಕಿ ಬಂದ್ರೆ ಜಗುಲಿ ಖಾಲಿ ಆಗುತ್ತಲ್ಲ, ಅಪ್ಪ?"

"ಅಯ್ಯೋ, ಬೇಡಮ್ಮ," ಎಂದಳು ಮುರ್ನಿ. "ಅಪ್ಪಂಗೆ ಕಷ್ಟ. ಗುಂತುರ್ ಹೊರಗೇ ಇರಲಿ ಬಿಡು. ಸ್ಪರ್ಧೆ ಮುಂದಿನ ವರ್ಷವೂ ಇರುತ್ತೆ."

ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಜಗುಲಿಗೆ ಮಲಗಲು ಹೋಗುವುದಿಲ್ಲ ಎಂದರೆ ಹಕ್ಕಿ ಹೊರಗೆ, ಹೋಗುತ್ತೇನೆ ಎಂದರೆ ಗೊರಕೆ ನನ್ನದೇ ಎಂದು ಒಪ್ಪಿಕೊಂಡಂತೆ. ಏನು ಹೇಳಲೂ ತೋಚದೆ ಬಾಯಲ್ಲಿ ಟೆಂಪೆ ಇಟ್ಟುಕೊಂಡು ಕೂತೆ.

"ಅಪ್ಪ ಸುಮ್ಮನೆ ಕೂತಿದ್ದಾರೆ," ಎಂದು ಲಕ್ಸಿತಾ ಘೋಷಿಸಿದಳು. "ಒಪ್ಪಿಕೊಂಡ ಹಾಗೆ. ಒಮ್ಮತ! ಹಕ್ಕಿ ಒಳಗೆ, ಅಪ್ಪ ಜಗುಲಿಗೆ."

ಆ ನಿರ್ಣಯವನ್ನು ಬು ಗುರು ಇಡೀ ತರಗತಿಗೆ ಓದಿ ಹೇಳಿ, ತಂದೆಯ ತ್ಯಾಗಕ್ಕೆ ಚಪ್ಪಾಳೆ ತಟ್ಟಿಸಿದರಂತೆ. ತರಗತಿಗೆ ತಿಳಿದದ್ದು ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಬೆಳಿಗ್ಗೆ ಸೊಪ್ಪು ಮಾರುವಾಕೆ ನನ್ನ ಮಂಚದ ಪಕ್ಕ ಹಾದುಹೋಗುವಾಗ, ರೋಗಿಯ ಎದುರು ನಡೆಯುವಂತೆ ತುದಿಗಾಲಲ್ಲಿ ನಡೆಯುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು ನಿಜ. ಆದರೆ ಒಳಗೆ ಗುಂತುರ್ ಹಗಲೆಲ್ಲ ಫೋನಿನ ಹಾಡು ಕೇಳಿ ಕಲಿಯುತ್ತಿತ್ತು. ಬಾವುಟಕ್ಕಾಗಿ ಸೊಳ್ಳೆಗಳಿಗೆ ಒಂದಿಷ್ಟು ರಕ್ತ ಕೊಟ್ಟರೆ ಕೊಟ್ಟೆ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಟೋಬರಿನ ಸ್ಪರ್ಧೆ ಬಂತು. ಸಾಲಾಗಿ ಪಂಜರಗಳು, ಕೆಳಗೆ ಬಾವುಟ ಹಿಡಿದು ಓಡಾಡುವ ತೀರ್ಪುಗಾರರು. ಗುಂತುರ್ ಎದೆಯುಬ್ಬಿಸಿ ಹಾಡಿತು ನೋಡಿ, ಪಕ್ಕದ ಪಂಜರಗಳೆಲ್ಲ ಬಾಯಿ ಮುಚ್ಚಿದವು. ತೀರ್ಪುಗಾರ ನನ್ನ ಪಂಜರದ ಕೆಳಗೆ ನಿಂತು ಬಾವುಟ ಎತ್ತಿದ. ಅಷ್ಟರಲ್ಲಿ ಗುಂತುರ್ ಒಂದು ಕ್ಷಣ ನಿಲ್ಲಿಸಿ, ಗಂಟಲು ಉಬ್ಬಿಸಿ, "ಘೂರ್ರ್ರ್ರ್..." ಎಂದು ಎಳೆದು, ಕೊನೆಯಲ್ಲಿ "ಸುಯ್ಯ್" ಎಂದು ಸಿಳ್ಳೆ ಬಿಟ್ಟಿತು.

ಮೈದಾನವೆಲ್ಲ ಗೊಳ್ಳೆಂದಿತು. ತೀರ್ಪುಗಾರ ಬಾವುಟ ಮಡಚಿ ಮುಂದೆ ಹೋದ. ನಾನು ಅಳಬೇಕಿತ್ತು. ಆದರೆ ನನ್ನ ಕಿವಿ ಆ ಸಿಳ್ಳೆಯಲ್ಲೇ ಸಿಕ್ಕಿಕೊಂಡಿತ್ತು. ನಾನು ಇಷ್ಟು ದಿನ ಮಲಗಿದ್ದು ಜಗುಲಿಯಲ್ಲಿ. ಅಲ್ಲದೆ ನನ್ನ ಹಲ್ಲು ಮೂವತ್ತೆರಡೂ ಗಟ್ಟಿಯಾಗಿವೆ. ಮುಂದಿನ ಹಲ್ಲು ಬಿದ್ದು ಉಸಿರು ಸಿಳ್ಳೆಯಾಗುವುದು ನಮ್ಮ ಮನೆಯಲ್ಲಿ ಒಬ್ಬರಿಗೇ!

ಬಾವುಟ ಹೋದರೆ ಹೋಗಲಿ, ಮಾನ ಮರಳಿತಲ್ಲ! ವಿಜಯೋತ್ಸಾಹದಿಂದ ಮನೆಗೆ ಬಂದು ತುರ್ತು ಸಭೆ ಕರೆದೆ. ಚಾಪೆಯ ನಡುವೆ ಪಂಜರವಿಟ್ಟು ಬಟ್ಟೆ ಸರಿಸಿದೆ. ಗುಂತುರ್ ನನ್ನ ಮರ್ಯಾದೆ ಉಳಿಸಿತು. ಘೂರ್ರ್ರ್, ಸುಯ್ಯ್.

ಮುರ್ನಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆ ಹಕ್ಕಿಯನ್ನು ಕನಿಕರದಿಂದ ನೋಡಿ, "ಪಾಪ, ಶೀತ ಆಗಿದೆ," ಎಂದರು.

"ಶೀತ ಅಲ್ಲ, ಅತ್ತೆ! ಇದು ಯಾರ ಗೊರಕೆ ಅಂತ ಈಗ ಎಲ್ಲರಿಗೂ..."

"ಅಪ್ಪ!" ಲಕ್ಸಿತಾ ಕಣ್ಣು ದೊಡ್ಡದು ಮಾಡಿದಳು. "ಮುಷಾವರಾ ಪಾಠ ಮುಗೀತು. ಈಗ ಹಿರಿಯರಿಗೆ ಗೌರವ ನಡೀತಿದೆ. ಅಜ್ಜಿಗೆ ಬೇಜಾರಾಗೋ ಮಾತು ಆಡಬಾರದು. ಈ ಪಾಠ ಅಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನೀವೇ ಅಂತೆ, ಬು ಗುರು ಹೇಳಿದ್ರು."

ಸಭೆ ಬರಖಾಸ್ತಾಯಿತು. ಅಡುಗೆಮನೆಯಲ್ಲಿ ಮುರ್ನಿಯನ್ನು ಹಿಡಿದು, "ಬುನೆ, ಈಗಲಾದ್ರೂ ನಾನು ಒಳಗೆ ಬರಬಹುದಲ್ಲ?" ಎಂದೆ.

"ನಂಗೂ ಆಸೆನೇ," ಎಂದಳು, ಕಣ್ಣಲ್ಲಿ ನಿಜವಾದ ಮರುಕವಿತ್ತು. "ಆದ್ರೆ ನೀವು ಒಳಗೆ ಬಂದ್ರೆ ಸದ್ದು ಅಮ್ಮಂದು ಅಂತ ಹೇಳಿದ ಹಾಗಾಗುತ್ತಲ್ಲ. ಗುಂತುರ್ ಒಳಗಿದ್ದು ದಿನಾ ಹಾಗೆ ಕೂಗ್ತಿದ್ರೂ ಅಮ್ಮಂಗೆ ನೋವು. ಸ್ವಲ್ಪ ದಿನ ಅದನ್ನೂ ಜಗುಲಿಗೆ..."

"ಹೂಂ," ಎಂದೆ. ನನ್ನ ಹೂಂ ಕೂಡ ಸಾಕಷ್ಟು ಉದ್ದವಿತ್ತು, ಆದರೆ ಗಂಡಸರ ಹೂಂಗೆ ನಮ್ಮ ಮನೆಯಲ್ಲಿ ಹೂಂ ಎಂದೇ ಅರ್ಥ.

ಈಗ ಜಗುಲಿಯಲ್ಲಿ ನಾವಿಬ್ಬರೂ ಇದ್ದೇವೆ. ಮೇಲೆ ಪಂಜರದಲ್ಲಿ ಗುಂತುರ್, ಕೆಳಗೆ ಮಂಚದ ಮೇಲೆ ನಾನು. ಬೆಳಕು ಹರಿಯುತ್ತಿದ್ದಂತೆ ಅದು ಶುರುಮಾಡುತ್ತದೆ. ಸೊಪ್ಪು ಮಾರುವಾಕೆ ಪಕ್ಕದ ಮನೆಯವಳಿಗೆ ಪಿಸುಗುಡುವುದು ಹೊದಿಕೆಯೊಳಗಿಂದ ನನಗೆ ಕೇಳಿಸುತ್ತದೆ: "ಅಬ್ಬಾ, ಏನು ಗೊರಕೆ! ಹೊರಗೆ ಮಲಗಿಸಿದ್ದು ಸುಮ್ಮನೆ ಅಲ್ಲ."

ಎದ್ದು ಕೂತು ಅದು ಹಕ್ಕಿ ಎನ್ನಬಹುದು. ಹಕ್ಕಿ ಯಾರಿಂದ ಕಲಿಯಿತು ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಅತ್ತೆ ಕಿಟಕಿಯ ಹತ್ತಿರವೇ ಚಹಾ ಕುಡಿಯುತ್ತಿರುತ್ತಾರೆ. ಆದ್ದರಿಂದ ಹೊದಿಕೆ ಎಳೆದುಕೊಂಡು ಸುಮ್ಮನಿರುತ್ತೇನೆ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ.