ಮಂಜುಗಡ್ಡೆ ಒಪ್ಪಿಸಿ ಮನೆಗೆ ಹೋಗತಕ್ಕದ್ದು

ಭೂಮಿಯ ದಕ್ಷಿಣ ತುದಿಯಲ್ಲಿ ಹಾಸಿಕೊಂಡಿರುವ ಮಂಜುಗಡ್ಡೆಯು ಹಿಮ ಪಾಲನಾ ಇಲಾಖೆಯ ಸ್ಥಿರಾಸ್ತಿಯಾಗಿದ್ದು, ಮೇಲಧಿಕಾರಿಗಳ ಲಿಖಿತ ಅನುಮತಿ ಇಲ್ಲದೆ ಅದು ಕರಗುವುದನ್ನು, ಜಾರುವುದನ್ನು, ಬಿರುಕು ಬಿಡುವುದನ್ನು ಅಥವಾ ಸಮುದ್ರ ಸೇರುವುದನ್ನು ನಿಷೇಧಿಸಲಾಗಿದೆ. ಈ ನಿಯಮ ಬಂದಾಗಿನಿಂದ ಇಲಾಖೆಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಮಂಜುಗಡ್ಡೆಗೆ ಮಾತ್ರ ಇದನ್ನು ಯಾರೂ ತಿಳಿಸಿರಲಿಲ್ಲ.

ಆ ಮಂಜುಗಡ್ಡೆ ಇದ್ದದ್ದು ಚಿತ್ರಮಾಪಕರ ಸುಪರ್ದಿನಲ್ಲಿ. ಅವರು ಕೆಲಸಕ್ಕೆ ಸೇರಿದ ದಿನ ಹಿಂದಿನವರು ಒಂದು ಮೇಜು, ಒಂದು ಕುರ್ಚಿ, ಒಂದು ನೀರಿನ ಹೂಜಿ ಮತ್ತು ದಕ್ಷಿಣ ಧ್ರುವ, ಇಷ್ಟನ್ನೂ ಒಟ್ಟಿಗೇ ಒಪ್ಪಿಸಿ, ಸಹಿ ಹಾಕಿಸಿಕೊಂಡು, ಬಸ್ಸು ತಪ್ಪುತ್ತದೆಂದು ಓಡಿಹೋಗಿದ್ದರು. ಹೊಸ ಕೆಲಸದ ಸಂಭ್ರಮದಲ್ಲಿ ಇವರು ಹೂಜಿ ಸೋರುತ್ತದೆಯೇ ಎಂದು ನೋಡಿಕೊಂಡರೇ ಹೊರತು ಧ್ರುವ ಸೋರುತ್ತದೆಯೇ ಎಂದು ನೋಡಲಿಲ್ಲ. ಅಂದಿನಿಂದ ಉಪಗ್ರಹ ಕಳಿಸಿದ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಅಂಚು ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ಬಿರುಕು ಎಷ್ಟು ಬೆಳೆದಿದೆ ಎಂದು ಅಳೆಯುವುದೇ ಅವರ ಬದುಕಾಯಿತು. ಮಂಜುಗಡ್ಡೆ ಕಡಿಮೆಯಾಗುತ್ತಿದೆ ಎಂದು ಪ್ರತಿ ವರ್ಷವೂ ಬರೆದು ಕಳಿಸಿದರು. ಅಕ್ಷರ ದುಂಡಗಿದೆ ಎಂದು ಮೇಲಿನವರು ಪ್ರತಿ ವರ್ಷವೂ ಮೆಚ್ಚಿಕೊಂಡರು.

ಈಗ ಅವರಿಗೆ ನಿವೃತ್ತಿ. ದೂರದ ಊರಿನಲ್ಲಿ ಒಬ್ಬಳೇ ಮಗಳು ತುಂಬು ಬಸುರಿ. ಆ ಮಗಳು ಹುಟ್ಟಿದ ದಿನ ಧ್ರುವದಲ್ಲಿ ದೊಡ್ಡದೊಂದು ತುಂಡು ಮುರಿದು ಬಿದ್ದು, ಮಾಪಕರು ಕಚೇರಿಯಲ್ಲೇ ಉಳಿದಿದ್ದರು. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ. ಮೊಮ್ಮಗುವಿನ ಸರದಿಗಾದರೂ ಎದುರಿಗಿರಬೇಕು, ಎತ್ತಿಕೊಳ್ಳಬೇಕು ಎಂಬುದು ಅವರಿಗಿದ್ದ ಒಂದೇ ಆಸೆ. ಪೆಟ್ಟಿಗೆಗಳು ಆಗಲೇ ಬಾಗಿಲ ಬಳಿ ಬಂದು ನಿಂತಿದ್ದವು.

ನಿವೃತ್ತರಾಗುವವರು ತಮ್ಮ ಸುಪರ್ದಿನ ವಸ್ತುಗಳನ್ನು ಪಡೆದ ಅಳತೆಯಲ್ಲೇ ಒಪ್ಪಿಸಿ ಮನೆಗೆ ಹೋಗತಕ್ಕದ್ದು ಎಂಬುದು ನಿಯಮ. ಒಪ್ಪಿಸಿಕೊಳ್ಳಲು ಉಗ್ರಾಣದ ಅಧಿಕಾರಿ ಬಂದರು. ಯಾರು ಏನೇ ಅಂದರೂ "ಬರ್ಕೊಡಿ" ಎನ್ನುವ ಈಕೆಗೆ ಕಚೇರಿಯಲ್ಲಿ ಬರ್ಕೊಡಿ ಮೇಡಂ ಎಂದೇ ಹೆಸರು.

"ಮೇಜು ಇದೆ. ಕುರ್ಚಿ ಇದೆ, ಒಂದು ಕಾಲು ಕುಂಟು, ಪರವಾಗಿಲ್ಲ. ಹೂಜಿ ಇದೆ," ಎಂದರು ಮೇಡಂ. "ಮಂಜುಗಡ್ಡೆ ಎಲ್ಲಿ?"

"ಧ್ರುವದಲ್ಲೇ ಇದೆ ಮೇಡಂ."

"ನೀವು ತಗೊಂಡಷ್ಟು ಇಲ್ವಲ್ಲ?"

"ಕರಗಿದೆ."

"ಯಾರನ್ನ ಕೇಳಿ?"

"ಸಮುದ್ರ ಬಿಸಿಯಾಗಿದೆ ಮೇಡಂ, ಅಡಿಯಿಂದ ಕರಗ್ತಾ ಇದೆ. ಇಷ್ಟು ವರ್ಷ ನಾನು ಬರೆದದ್ದು ಅದನ್ನೇ ಅಲ್ವಾ?"

"ಅದೇ ನಾನೂ ಹೇಳೋದು. ಇಲಾಖೆ ಆಸ್ತಿ ಕಣ್ಣೆದುರೇ ಹೋಗ್ತಾ ಇತ್ತು, ನೋಡ್ತಾ ಕೂತಿದ್ದೆ ಅಂತ ನೀವೇ ದುಂಡಗೆ ಬರ್ಕೊಟ್ಟಿದ್ದೀರಿ."

ಮಾಪಕರ ನಿವೃತ್ತಿಯನ್ನು ತಡೆಹಿಡಿಯಲಾಯಿತು.

ಇಲಾಖೆಯ ನಿರ್ದೇಶಕರು ಕರುಣಾಳು. ಒಬ್ಬರ ಮಾತಷ್ಟೇ ಕೇಳಿ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ, ಮಂಜುಗಡ್ಡೆಯ ಅಹವಾಲನ್ನೂ ಕೇಳಬೇಕು ಎಂದು ಅವರು ಕೂಡಲೇ ನೋಟಿಸು ಹೊರಡಿಸಿದರು:

"ದಕ್ಷಿಣ ಧ್ರುವದ ಮಂಜುಗಡ್ಡೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಮಂಜುಗಡ್ಡೆಯು ಪೂರ್ವಾನುಮತಿ ಪಡೆಯದೆ ಸಮುದ್ರದ ಕಡೆಗೆ ಚಲಿಸುತ್ತಿರುವುದು ಉಪಗ್ರಹದ ಚಿತ್ರಗಳಿಂದ ಕಂಡುಬಂದಿರುತ್ತದೆ. ಇದು ಸ್ಥಿರಾಸ್ತಿಗೆ ತಕ್ಕ ನಡತೆಯಲ್ಲ. ಕೂಡಲೇ ಸ್ವಸ್ಥಾನಕ್ಕೆ ಮರಳತಕ್ಕದ್ದು. ತಪ್ಪಿದಲ್ಲಿ ಕರಗಿದ ಭಾಗವನ್ನು ಗೈರುಹಾಜರಿ ಎಂದು ಪರಿಗಣಿಸಲಾಗುವುದು."

ಧ್ರುವದ ವಿಳಾಸ ಯಾರಲ್ಲೂ ಇರಲಿಲ್ಲ. ಆದರೆ ಹತ್ತಿರದ ಸಂಬಂಧಿಕರಿಗೆ ತಲುಪಿಸಿದರೂ ಸಾಕೆಂದು ನಿಯಮ ಹೇಳುತ್ತದೆ. ಹಾಗಾಗಿ ಅದನ್ನು ಕ್ಯಾಂಟೀನಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಯಿತು. ಉತ್ತರ ಬರಲಿಲ್ಲ.

ಹೆಂಡತಿ ಕಾದು ಕಾದು ಒಬ್ಬರೇ ಮಗಳ ಊರಿಗೆ ಹೊರಟುಹೋದರು. ಅಲ್ಲಿಂದ ಫೋನು ಬಂತು.

"ಮಾವ ಯಾಕೆ ಬರ್ಲಿಲ್ಲ ಅಂತ ಅಳಿಯಂದ್ರು ಕೇಳ್ತಿದ್ದಾರೆ. ಏನು ಹೇಳ್ಲಿ?"

"ಮಂಜುಗಡ್ಡೆ ಲೆಕ್ಕಕ್ಕೆ ಸಿಗ್ತಿಲ್ಲ ಅನ್ನು."

"ಇನ್ನೊಂದು ಸಲ ಸರಿಯಾಗಿ ಹುಡುಕಿ. ಕನ್ನಡಕ ಕಳೆದಾಗ್ಲೂ ಹೀಗೇ ಅಂದ್ರಿ, ತಲೆ ಮೇಲೇ ಇತ್ತು." ಆಮೇಲೆ ದನಿ ತಗ್ಗಿಸಿ, "ಹೆಣ್ಣು ಮಗು ರೀ. ಮೂಗು ನಿಮ್ಮದೇ, ಪಾಪ," ಎಂದರು.

ಮಾಪಕರು ಪರದೆಯ ಮುಂದೆ ಕುಳಿತು ಅತ್ತರು. ಮಗು ಬಂದ ಖುಷಿಗೋ, ತಾನು ಇಲ್ಲಿ ಸಿಕ್ಕಿಬಿದ್ದ ಸಂಕಟಕ್ಕೋ ಅವರಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗೆ ಬಂದ ನಿರ್ದೇಶಕರ ಮನಸ್ಸೂ ಕರಗಿತು. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

"ಅಳಬೇಡಿ. ಈ ಬೆಳ್ಳಗಿರೋದು ಏನು?" ಎಂದು ಪರದೆಗೆ ಬೆರಳಿಟ್ಟರು.

"ಅದು ಮೋಡ ಸರ್."

"ಮೋಡವೇ ಅಂತ ಹೇಗೆ ಹೇಳ್ತೀರಿ?"

"ನಾಳೆ ನೋಡಿದ್ರೆ ಇರಲ್ಲ ಸರ್."

"ನಿಮ್ಮ ಮಂಜುಗಡ್ಡೆಯೂ ಹಾಗೇ ಅಂತ ನೀವೇ ತಾನೆ ಬರ್ದಿರೋದು?"

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದಾರೆ. ಮಂಜುಗಡ್ಡೆಯಲ್ಲ ಎಂದು ಹೇಳಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು, ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ ಕಂಡದ್ದನ್ನೆಲ್ಲ ಮಂಜುಗಡ್ಡೆ ಎಂದೇ ಎಣಿಸತಕ್ಕದ್ದು ಎಂದು ಹೊಸ ನಿಯಮ ಬಂತು. ಲೆಕ್ಕದ ಯಂತ್ರಕ್ಕೂ ಹಾಗೇ ಹೇಳಿಕೊಡಲಾಯಿತು. ಸಂಜೆಯೊಳಗೆ ಮಂಜುಗಡ್ಡೆ ಉಕ್ಕಿ ಹರಿಯಿತು. ಕರಗುತ್ತಿದ್ದ ಧ್ರುವವನ್ನು ಕುಳಿತಲ್ಲಿಂದಲೇ ಬೆಳೆಸಿದವರೆಂದು ನಿರ್ದೇಶಕರಿಗೆ ಶಾಲು ಹೊದಿಸಿ ಸನ್ಮಾನವೂ ನಡೆಯಿತು.

ಮಾಪಕರು ಪೆಟ್ಟಿಗೆ ಹಿಡಿದು ಬರ್ಕೊಡಿ ಮೇಡಂ ಎದುರು ನಿಂತರು.

"ಜಾಸ್ತಿ ಇದೆಯಲ್ಲ," ಎಂದರು ಮೇಡಂ. "ನಿಮಗೆ ಕೊಟ್ಟದ್ದಕ್ಕಿಂತ ಹೆಚ್ಚಿಗೆ ಎಲ್ಲಿಂದ ಬಂತು? ಯಾರದ್ದೋ ಇರ್ಬೇಕು. ಅವರು ಕೇಳ್ಕೊಂಡು ಬರೋವರೆಗೂ ನೀವು ಹೋಗೋ ಹಾಗಿಲ್ಲ."

ಅತ್ತ ದರಿ, ಇತ್ತ ಪುಲಿ. ಮಾಪಕರು ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿ ಕುಂಟು ಕುರ್ಚಿಯಲ್ಲಿ ಕುಳಿತರು. ಎಲ್ಲರೂ ಊಟಕ್ಕೆ ಹೋದಾಗ, ಇಷ್ಟು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ಉಪಗ್ರಹದ ಕಣ್ಣನ್ನು ಧ್ರುವದಿಂದ ಎತ್ತಿ ಮಗಳ ಊರಿಗೆ ತಿರುಗಿಸಿದರು. ಬೀದಿ ಸಿಕ್ಕಿತು, ಮೂಲೆಯ ಔಷಧಿ ಅಂಗಡಿ ಸಿಕ್ಕಿತು, ನೀಲಿ ನೀರಿನ ಟ್ಯಾಂಕಿನ ತಾರಸಿಯೂ ಸಿಕ್ಕಿತು. ತಾರಸಿಯ ಹಗ್ಗದ ಮೇಲೆ ಪುಟ್ಟ ಪುಟ್ಟ ಬಿಳಿ ಚೌಕಗಳು ಸಾಲಾಗಿ ತೂಗುತ್ತಿದ್ದವು. ಮೊಮ್ಮಗಳ ನ್ಯಾಪಿಗಳು! ಮಾಪಕರು ಒಂದೊಂದನ್ನೂ ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರು. ಯಂತ್ರವೂ ನೋಡಿತು; ಅದಕ್ಕೆ ಹೇಳಿಕೊಟ್ಟಂತೆ ಎಣಿಸಿತು.

ಉಪಗ್ರಹದ ಕಣ್ಣು ಆ ತಾರಸಿಯ ಮೇಲೇ ಉಳಿಯಿತು. ಎರಡು ದಿನ ಕಳೆದು ನಿರ್ದೇಶಕರು ಏದುಸಿರು ಬಿಡುತ್ತಾ ಬಂದರು. "ಹೊಸ ಮಂಜುಗಡ್ಡೆ ಸಿಕ್ಕಿದೆ! ಅದೂ ಸುಡುಬಿಸಿಲಿನ ಊರಲ್ಲಿ! ಬೆಳಗ್ಗೆ ಮೂಡುತ್ತೆ, ಸಂಜೆ ಮಾಯ ಆಗುತ್ತೆ, ಮತ್ತೆ ಬೆಳಗ್ಗೆ ಬರುತ್ತೆ!"

"ಸರ್, ಅದು ನನ್ನ ಮೊಮ್ಮಗಳ ನ್ಯಾಪಿ," ಎಂದರು ಮಾಪಕರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಬರ್ಕೊಡಿ," ಎಂದರು ಪಕ್ಕದಲ್ಲಿದ್ದ ಮೇಡಂ.

ಬರೆದುಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಇಲಾಖೆ ಅದು. ಮೇಲಿನಿಂದ ಆದೇಶ ಬಂತು: "ನ್ಯಾಪಿ ಎಂಬುದು ಸದರಿ ಮಂಜುಗಡ್ಡೆಯ ಸ್ಥಳೀಯ ಹೆಸರೆಂದು ಮಾಪಕರ ವರದಿಯಿಂದ ತಿಳಿದುಬಂದಿದೆ. ಅವರ ಕುಟುಂಬಕ್ಕೆ ಅದರೊಂದಿಗೆ ನಿಕಟ ಒಡನಾಟವಿರುವುದರಿಂದ, ಅವರನ್ನು ಸದರಿ ತಾರಸಿಗೆ ನಿಯೋಜಿಸಿ, ಮಂಜುಗಡ್ಡೆಯ ಪಾಲನೆ ಪೋಷಣೆಯ ಪೂರ್ಣ ಹೊಣೆ ವಹಿಸಲಾಗಿದೆ."

ಮಾಪಕರು ಅಂದೇ ರೈಲು ಹತ್ತಿದರು. ಮಗುವನ್ನು ಎತ್ತಿಕೊಂಡಾಗ ಅದು ಮೊದಲ ಕೆಲಸವಾಗಿ ಅವರ ಅಂಗಿಯ ಮೇಲೆ ಇಲಾಖೆಯ ಆಸ್ತಿಯನ್ನು ತೋಯಿಸಿತು. ಅವರಿಗೆ ಜನ್ಮ ಸಾರ್ಥಕವಾಯಿತು.

ವರದಿಗಳನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. "ಇಂದು ಮಂಜುಗಡ್ಡೆ ನಸು ಹಳದಿಗೆ ತಿರುಗಿದೆ" ಎಂದು ಬರೆದಾಗ, "ಆತಂಕ ಬೇಡ, ಸ್ಥಳೀಯವಾಗಿ ಕ್ರಮ ಕೈಗೊಳ್ಳಿ" ಎಂದು ನಿರ್ದೇಶಕರಿಂದ ಉತ್ತರ ಬಂತು. ಸೋಪು ಹಾಕಿ ಕ್ರಮ ಕೈಗೊಂಡರು. ಅತ್ತ ದಕ್ಷಿಣ ಧ್ರುವವನ್ನು ನೋಡುವವರು ಯಾರೂ ಉಳಿಯದ ಕಾರಣ, ಅಲ್ಲಿ ಕರಗಿದ ಬಗ್ಗೆ ಆಮೇಲೆ ಒಂದು ದೂರೂ ಬಂದಿಲ್ಲ. ಇಲಾಖೆಗೆ ತುಂಬ ಸಮಾಧಾನವಾಗಿದೆ.

ಮಗು ನಡೆಯಲು ಕಲಿತು, ನ್ಯಾಪಿ ಕಡಿಮೆಯಾಗುತ್ತಾ ಬಂದಾಗ ಮಾತ್ರ ಸ್ವಲ್ಪ ಕಳವಳ ಉಂಟಾಯಿತು. ಅಳಿಯನ ಹೆಸರಿಗೆ ಮೊಹರು ಒತ್ತಿದ ಪತ್ರ ಬಂತು: "ತಮ್ಮ ತಾರಸಿಯಲ್ಲಿ ಮಂಜುಗಡ್ಡೆಯು ಕ್ಷೀಣಿಸುತ್ತಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಭೂಮಿಯ ಹಿತದೃಷ್ಟಿಯಿಂದ ತಾವು ಎರಡನೆಯ ಮಗುವಿನ ಕುರಿತು ಕೂಡಲೇ ನಿರ್ಧಾರ ಕೈಗೊಂಡು ತಿಳಿಸತಕ್ಕದ್ದು."

ಅಳಿಯ ಪತ್ರವನ್ನು ಎರಡು ಸಲ ಓದಿ, ತಾರಸಿಗೆ ಬಂದು ತಲೆ ಕೆರೆದುಕೊಂಡ. "ಮಾವ, ಇದಕ್ಕೆ ಏನಂತ ಬರೀಲಿ?"

"ಪರಿಶೀಲನೆಯಲ್ಲಿದೆ ಅಂತ ಬರೀರಿ," ಎಂದು ಮಾಪಕರು ಕೊನೆಯ ನ್ಯಾಪಿಯನ್ನು ಹಿಂಡಿ, ಉಪಗ್ರಹಕ್ಕೆ ಚೆನ್ನಾಗಿ ಕಾಣುವ ಹಾಗೆ ಅಗಲವಾಗಿ ಹರವಿದರು.