ತಾರೀಕಿಲ್ಲದ ಹೆಂಗಸು

ತಾರೀಕು ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮೂರ ಶಾಲೆಯಲ್ಲಿ ಹುಟ್ಟಿದ ದಿನ ಹೇಳದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ತರಗತಿಯ ಅರ್ಧ ಜನ ಒಂದೇ ದಿನ ಹುಟ್ಟಿದವರು. ಆ ತಾರೀಕು ಪಾಸ್‌ಪೋರ್ಟ್ ಹತ್ತಿ ದುಬೈಗೂ ಬಂತು. ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿರುವ ಹೋಟೆಲಿನವರು ಅದನ್ನೇ ಹಿಡಿದು, ಬರುವ ಜೂನ್‌ಗೆ ನಿಮಗೆ ಅರವತ್ತು, ಇನ್ನು ಸಾಕು ಎಂದು ಕಾಗದ ಕೊಟ್ಟರು. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಅಲ್ ನಹ್ದಾ ಬಡಾವಣೆಯ ಬಾಡಿಗೆ ಮನೆಯೂ ಹೋಯಿತು. ಬೇಗ ಶಾಲೆಗೆ ಸೇರಿಸಲು ಮಕ್ಕಳ ವಯಸ್ಸು ಏರಿಸುವುದು ನಮ್ಮ ಕಡೆ ಮಾಮೂಲು. ನನ್ನದನ್ನೂ ಎರಡು ವರ್ಷ ಏರಿಸಿದ್ದಾರೆಂದೇ ನಾನು ನಂಬಿದ್ದೆ.

ಆ ಬೇಸರದಲ್ಲಿರುವಾಗಲೇ ಮಗಳು ನನ್ನನ್ನು ಅಬುಧಾಬಿಯ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದಳು. ಅಲ್ಲೊಂದು ಎಣ್ಣೆಬಣ್ಣದ ಚಿತ್ರ. ಕಣ್ಣು ಮುಚ್ಚಿದ ಹೆಂಗಸೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಳೆ, ಕೈಯಲ್ಲಿ ಹಕ್ಕಿ, ತಲೆಯ ಹಿಂದೆ ಕಪ್ಪು ಸೂರ್ಯ. ನಾನು ಮೊದಲು ನೋಡಿದ್ದು ಅವಳ ಬಿಳಿ ಬಟ್ಟೆಯನ್ನು, ಒಂದು ಕಲೆಯಿಲ್ಲ. ಸೂರ್ಯ ಯಾಕೆ ಕಪ್ಪು ಎಂದು ಕೇಳಿದರೆ ಮಗಳು, “ಇಟ್ಸ್ ಸಿಂಬಾಲಿಸ್ಟ್, ಮಮ್ಮಿ” ಎಂದಳು. ಅಂದರೆ ಅವಳಿಗೂ ಗೊತ್ತಿಲ್ಲ. ಪಕ್ಕದ ಚೀಟಿಯಲ್ಲಿ, ಚಿತ್ರ ಬರೆದ ಕಾಲ ತಿಳಿದಿಲ್ಲ ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು. ಪರದೇಶದಿಂದ ಬಂದು, ತಾರೀಕೇ ಇಲ್ಲದೆ, ಕಣ್ಣು ಮುಚ್ಚಿ ಸುಮ್ಮನೆ ನಿಂತವಳಿಗೆ ಎಸಿ, ದೀಪ, ಕಾವಲುಗಾರ. ದಿನವಿಡೀ ಕೋಣೆ ಕೋಣೆ ಸುತ್ತುವ ನನಗೆ ಜೂನ್ ಒಂದು!

ಮರುದಿನವೇ ಎಚ್‌ಆರ್ ಆಫೀಸಿಗೆ ನುಗ್ಗಿ, ಈ ತಾರೀಕನ್ನು ನಾನು ಒಪ್ಪುವುದಿಲ್ಲ ಎಂದೆ. ಅಲ್ಲಿರುವ ಮೈಸೂರಿನ ಹುಡುಗಿ ಒಳ್ಳೆಯವಳು. ನಿಜವಾದ ವಯಸ್ಸಿಗೆ ಊರಿಂದ ಏನಾದರೂ ದಾಖಲೆ ತರಿಸಿ ಮೇಡಂ, ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದಳು. ಗೆದ್ದೆನೆಂದೇ ಉಡುಪಿಯಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

“ನಿನ್ನ ಜಾತಕ ಉಂಟು ಮಾರಾಯ್ತಿ,” ಎಂದರು ಚಿಕ್ಕಮ್ಮ. “ಆದ್ರೆ ಮೇಷ್ಟ್ರು ವಯಸ್ಸು ಏರಿಸಿದ್ದಲ್ಲ, ಇಳಿಸಿದ್ದು. ತಮ್ಮನನ್ನು ನೋಡ್ಕೊಳ್ಳಿಕ್ಕೆ ಅಂತ ನಿನ್ನನ್ನು ಎರಡು ವರ್ಷ ಶಾಲೆಗೆ ಕಳಿಸದೆ ಮನೆಯಲ್ಲೇ ಇಟ್ಕೊಂಡಿದ್ರಲ್ಲ, ಎಂಟಾದವಳಿಗೆ ಆರು ಅಂತ ಬರೆಸಿದ್ದು. ಜಾತಕ ಕಳಿಸ್ಲಿಕ್ಕುಂಟಾ?”

ಬೇಡ ಎಂದೆ. ಆ ಎರಡು ವರ್ಷ ನೆನೆದು ಅಳು ಬಂತು. ನಾನು ಕೆಲಸಕ್ಕೆ ಸೇರಿದ್ದು ಆರನೇ ವಯಸ್ಸಿನಲ್ಲಿ, ಅದೂ ವೀಸಾ ಇಲ್ಲದೆ. ಮರುದಿನ ಎಚ್‌ಆರ್ ಹುಡುಗಿಯ ಮುಂದೆ ಕುಳಿತು, ನಮ್ಮ ಮೇಷ್ಟ್ರು ಸುಳ್ಳು ಬರೆಯುವವರೇ ಅಲ್ಲ ಎಂದು ಹೇಳಿ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದೆ. ಅರವತ್ತಕ್ಕೇ ಹೊರಡಬೇಕಿದ್ದವಳು ಅರವತ್ತೆರಡರವರೆಗೆ ಈ ದೇಶದಲ್ಲಿ ಇದ್ದುಬಿಟ್ಟಿದ್ದೇನೆ. ಯಾರು ಕೇಳಿದರೂ ಆ ಎರಡು ವರ್ಷ ವಾಪಸ್ ಕೊಡುವುದಿಲ್ಲ.