ಕೊನೆಯ ಸಾಲಿನಲ್ಲಿ ಗೆದ್ದವರು

ತೆಂಗಿನಕಾಯಿಯ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ದೇವರ ಮುಂದೆ ಒಡೆಯಲಿ, ಹೊಸ ಲಾರಿಯ ಮುಂದೆ ಒಡೆಯಲಿ, ಚಟ್ನಿಗೆ ಒಡೆದರಂತೂ ಬಹಳ ಸಂತೋಷ. ಆದರೆ ಚಡ್ಡಿ ಬಿಗಿದು ತೊಡೆ ತಟ್ಟಲು ತಯಾರಾಗಿ ನಿಂತ ಎರಡು ಕಬಡ್ಡಿ ತಂಡಗಳನ್ನು ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಹಪ್ಪಳದ ಹಾಗೆ ಒಣಗಲು ಬಿಟ್ಟು, ಒಬ್ಬರು ಕಾಯಿ ಒಡೆಯುವುದು, ಇನ್ನೊಬ್ಬರು ಗಾಳಿಗೆ ಆರಿಹೋಗುವ ದೀಪವನ್ನು ಮತ್ತೆ ಮತ್ತೆ ಹಚ್ಚುವುದು, ಮತ್ತೊಬ್ಬರು ಮೈಕಿನ ಮುಂದೆ ನಿಂತು ಆಟದಿಂದ ಆರೋಗ್ಯ ಸುಧಾರಿಸುತ್ತದೆ ಎಂದು ಆ ಗಟ್ಟಿಮುಟ್ಟಾದ ಆಳುಗಳಿಗೇ ವಿವರಿಸುವುದು, ಇದನ್ನು ಕಂಡರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರ ಮೈಕಟ್ಟನ್ನಾದರೂ ನೋಡಬೇಕು! ಹೀಗೆ ಉರಿದುಕೊಳ್ಳುವುದೇ ನನ್ನ ಕಸುಬು ಎಂದರೂ ಆದೀತು. ನಾನು ಬಳ್ಳಾರಿಯ ಒಂದು ದಿನಪತ್ರಿಕೆಯ ಕ್ರೀಡಾ ಸಂಪಾದಕ.

ಕ್ರೀಡಾ ಸಂಪಾದಕ ಎಂದೊಡನೆ ಅಗಲ ಭುಜದ ಮನುಷ್ಯನೊಬ್ಬನನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮದು ನಾಲ್ಕು ಪುಟದ ಪತ್ರಿಕೆ. ಅದರ ಮೂರನೆಯ ಪುಟದ ಕೆಳಮೂಲೆಯಲ್ಲಿ, ಹತ್ತಿ-ಶೇಂಗಾ ಧಾರಣೆಗೂ ಸಿನಿಮಾ ಜಾಹೀರಾತಿಗೂ ನಡುವೆ, ಬಸ್ಸಿನಲ್ಲಿ ಮೂರನೆಯವನಾಗಿ ಕೂತ ಹಾಗೆ ಅರ್ಧ ಸೀಟು ನನಗೆ ಸಿಗುತ್ತದೆ. ಈ ಹುದ್ದೆಗೆ ನನ್ನನ್ನು ಆರಿಸಿದ ಕಾರಣವೂ ಹೇಳಿಕೊಳ್ಳುವಂಥದ್ದಲ್ಲ. ಅಂಗಾಲಿನಲ್ಲಿ ಆಣಿ ಆಗಿದ್ದರಿಂದ ನಾನು ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಅದನ್ನು ನೋಡಿದ ನಮ್ಮ ಸಂಪಾದಕರು, ಅಂದರೆ ಪತ್ರಿಕೆಯ ಮಾಲೀಕರೂ ಅವರೇ, "ನಿಮಗ ಆಟದಾಗ ಆಸಕ್ತಿ ಐತಿ ಅಂತ ಕಾಣ್ತೈತಿ" ಎಂದು ಆ ಮೂಲೆಯನ್ನು ನನಗೆ ವಹಿಸಿಬಿಟ್ಟರು. ಮನೆಯಲ್ಲಿ ಸುದ್ದಿ ಹೇಳಿದಾಗ ನನ್ನ ಹೆಂಡತಿ ಗೌರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಬಸ್ಸು ಹೊಂಟ್ರೂ ಓಡಾಂಗಿಲ್ಲ ನೀವು, ಓಡೋರ ಬಗ್ಗಿ ಏನ್ ಬರಿತೀರಿ?" ಎಂದು ಕೇಳಿದ್ದಳು.

ಜನರ ಕಾಟ ಇನ್ನೊಂದು ಬಗೆಯದು. ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಟೆಸ್ಟ್ ಪಂದ್ಯ ಶುರುವಾಯಿತೆಂದರೆ ಕೌಲ್ ಬಜಾರಿನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಸೈಕಲ್ಲು ದಾಟಲು ಜಾಗವಿರುವುದಿಲ್ಲ. ಅಂಥ ಗುಂಪು ನನ್ನನ್ನು ತಡೆದು, "ಸಾರ್, ಸ್ಕೋರ್ ಎಷ್ಟಾತ್ರಿ?" ಎನ್ನುತ್ತದೆ. ಎದುರಿಗೇ ರೇಡಿಯೋ ಅರಚುತ್ತಿದೆಯಲ್ಲಪ್ಪ ಎಂದರೆ, "ಅದು ಇಂಗ್ಲಿಷಿನಾಗ ಹೇಳಾಕತ್ತೈತ್ರಿ, ನೀವು ಕನ್ನಡದಾಗ ಹೇಳ್ರಿ" ಎಂಬ ಉತ್ತರ. ಸ್ಕೋರು ಹೇಳಿದರೆ ಮುಗಿಯಿತೇ? "ಅಲ್ರಿ, ಅವನ್ಯಾಕ ಹಂಗ ಹೊಡದು ಔಟಾದ?" ಎಂದು ನನ್ನನ್ನೇ ಗದರಿಸುತ್ತಾರೆ, ಅವನಿಗೆ ಬ್ಯಾಟು ಕೊಟ್ಟು ಕಳಿಸಿದವನು ನಾನೇ ಎಂಬಂತೆ. ಇನ್ನು ಹಾಕಿಯಲ್ಲಿ ದೇಶ ಸೋತರೆ ಪರದೇಶದ ಕೃತಕ ಹುಲ್ಲಿನ ಮೇಲೆ ತಪ್ಪು ಹೊರಿಸಿ ಇಡೀ ದಿನ ಚರ್ಚೆ. ನಮ್ಮ ಜಿಲ್ಲೆಯ ಮೈದಾನಗಳಲ್ಲಿ ನಿಜವಾದ ಹುಲ್ಲೇ ಇಲ್ಲ ಸ್ವಾಮಿ! ಇಲ್ಲಿ ಹಾಕಿ ಆಡುವವರು ಚೆಂಡಿಗಿಂತ ಹೆಚ್ಚಾಗಿ ಕಾಲಿಗೆ ನೆಟ್ಟ ಜಾಲಿಮುಳ್ಳನ್ನು ಹುಡುಕುತ್ತಾರೆ. ಅದರ ಬಗ್ಗೆ ಒಬ್ಬನಾದರೂ ನನ್ನ ಸೈಕಲ್ಲು ತಡೆದು ಕೇಳಿದ್ದರೆ ನನ್ನ ಆಣೆ.

ಆದರೂ ದೇಶದ ಮಟ್ಟದ ಆಟದ ಸುದ್ದಿಯಲ್ಲಿ ಒಂದು ಮರ್ಯಾದೆ ಇರುತ್ತದೆ, ಅದನ್ನು ಒಪ್ಪಬೇಕು. ಯಾರು ಗೆದ್ದರು, ಯಾರು ಸೋತರು ಎಂಬುದು ಮೊದಲ ಸಾಲಿನಲ್ಲೇ ಬಂದುಬಿಡುತ್ತದೆ. ಟೆಸ್ಟ್ ಪಂದ್ಯಕ್ಕೆ ಶಾಮಿಯಾನ ಹಾಕಿಸಿಕೊಟ್ಟವರು ಯಾರು ಎಂದು ಯಾವ ಪತ್ರಿಕೆಯಾದರೂ ಬರೆದದ್ದನ್ನು ನೀವು ಓದಿದ್ದೀರಾ? ನಮ್ಮ ತಾಲ್ಲೂಕುಗಳಿಂದ ಬರುವ ವರದಿಯ ಗತ್ತೇ ಬೇರೆ. ಅದನ್ನು ಪಂದ್ಯಕ್ಕೆ ಮುಂಚೆಯೇ ಯುವಕ ಸಂಘದ ಕಾರ್ಯದರ್ಶಿಗಳು ದುಂಡಗೆ ಬರೆದು ಇಟ್ಟುಕೊಂಡಿರುತ್ತಾರೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಧ್ವಜ ಹಾರಿಸಿದವರು, ಗೆದ್ದವರಿಗೆ ಕೊಡುವ ಕಪ್ಪು ದಾನ ಮಾಡಿದವರು, ಆ ದಾನಿಗಳ ಸ್ವರ್ಗಸ್ಥ ತಂದೆಯವರು, ಮೈಕ್ ಸೆಟ್ಟಿನವರು, ಕುಡಿಯುವ ನೀರಿನ ವ್ಯವಸ್ಥೆಯವರು, ಪ್ರಾರ್ಥನೆ ಹಾಡಿದ ಕುಮಾರಿಯರು, ಇಷ್ಟೂ ಜನರ ಮೆರವಣಿಗೆ ಸಾಗಿಹೋದ ಮೇಲೆ ಕಟ್ಟಕಡೆಗೆ ಒಂದು ಸಾಲು: 'ಪಂದ್ಯದಲ್ಲಿ ________ ತಂಡವು ಜಯಗಳಿಸಿತು.' ಆ ಖಾಲಿ ಜಾಗವನ್ನು ಆಟ ಮುಗಿದ ಮೇಲೆ ತುಂಬಿ ಬಳ್ಳಾರಿಯ ಬಸ್ಸಿಗೆ ಹಾಕಿ ನಮಗೆ ಕಳಿಸುತ್ತಾರೆ.

ಈಗ ನಮ್ಮ ಅಚ್ಚುಕೂಟದ ರೀತಿಯನ್ನೂ ಕೇಳಿ. ಅಚ್ಚಿನ ಮೊಳೆ ಜೋಡಿಸುವ ಖಾಜಾ ಸಾಬರು ಜಾಗ ಸಾಲದೆ ಬಂದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಎಲ್ಲ ಅಚ್ಚುಕೂಟಗಳಲ್ಲೂ ಹಾಗೇ ಮಾಡುವುದು. ಮುಖ್ಯವಾದದ್ದು ಮೇಲಿರುತ್ತದೆ, ಮುಖ್ಯವಲ್ಲದ್ದು ಕೆಳಗಿರುತ್ತದೆ ಎಂಬ ನಂಬಿಕೆ. ನನ್ನ ಮೂಲೆಯಲ್ಲಿ ಜಾಗ ಸಾಲದೆ ಬರುವುದು ವಾರದ ಏಳೂ ದಿನ. ಹೀಗಾಗಿ ನಮ್ಮ ಓದುಗರಿಗೆ ಸಿರುಗುಪ್ಪ ತಾಲ್ಲೂಕಿನ ಯಾವ ಊರಿನಲ್ಲಿ ಯಾರು ಕಾಯಿ ಒಡೆದರು ಎಂಬುದು ಬಾಯಿಪಾಠ. ಆಟದಲ್ಲಿ ಗೆದ್ದವರು ಯಾರೆಂದು ಮಾತ್ರ ಗೊತ್ತಿಲ್ಲ. ನಾನು ತಿದ್ದಿ ಬರೆಯಬಾರದಿತ್ತೇ ಎಂದು ನೀವು ಕೇಳಬಹುದು. ತಿದ್ದುತ್ತಿದ್ದೆ. ಮುದ್ರಣಕ್ಕೆ ಮುಂಚೆ ನಮ್ಮ ಸಂಪಾದಕರು ಗಣ್ಯರನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತಿದ್ದರು. "ಕಬಡ್ಡಿ ಆಡೋರು ಜಾಹೀರಾತು ಕೊಡ್ತಾರೇನ್ರಿ?" ಎಂಬುದು ಅವರ ಒಂದೇ ಪ್ರಶ್ನೆ.

ನಾಲ್ಕೈದು ವರ್ಷಗಳ ಹಿಂದೆ ಸಿರುಗುಪ್ಪದಲ್ಲಿ ನಡೆದ ಕಬಡ್ಡಿ ಫೈನಲಿನಲ್ಲಿ ಸಿರಿಗೇರಿಯ ತಂಡ ಬಳ್ಳಾರಿ ನಗರದ ತಂಡವನ್ನು ಸೋಲಿಸಿತು. ಹಳ್ಳಿಯವರು ನಗರದವರನ್ನು ಸೋಲಿಸಿದ್ದು ಅದೇ ಮೊದಲು. ನಮ್ಮ ಪತ್ರಿಕೆಯಲ್ಲಿ ಏನು ಬಂತು? ಅಧ್ಯಕ್ಷರು ಬಂದರು, ದಾನಿಗಳು ಬಂದರು, ದಾನಿಗಳ ತಂದೆ ಬಂದರು. ನೀರಿನ ವ್ಯವಸ್ಥೆಗೆ ಬರುವಷ್ಟರಲ್ಲಿ ಜಾಗ ಮುಗಿದಿತ್ತು. ಮರುದಿನವೇ ಸಿರಿಗೇರಿ ತಂಡದ ನಾಯಕ ಗಾದಿಲಿಂಗಪ್ಪ ಪತ್ರಿಕೆ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದ. ಬಾಗಿಲು ತುಂಬುವಂಥ ಆಳು. ಒಳಗೆ ಬಂದವನು ಕೂಡ್ರಲಿಲ್ಲ, ಕೂಗಾಡಲೂ ಇಲ್ಲ.

"ಸಾರ್, ನಾವು ಗೆದ್ದೀವ್ರಿ" ಎಂದ.

"ಗೊತ್ತಪ್ಪ."

"ನಿಮಗ ಗೊತ್ತೈತಿ, ನಮಗ ಗೊತ್ತೈತಿ. ರಾರಾವಿಯವ್ರಿಗೆ ಗೊತ್ತಿಲ್ರಿ."

ರಾರಾವಿ ಅವನ ಹೆಂಡತಿಯ ತವರೂರು. ಅಲ್ಲಿಯ ತಂಡ ಸೆಮಿಫೈನಲಿನಲ್ಲಿ ಇವನ ಕೈಲೇ ಸೋತು, ಸಿಟ್ಟಿನಿಂದ ಫೈನಲ್ ನೋಡದೆ ಊರಿಗೆ ಹೋಗಿತ್ತು. ಅದರಲ್ಲಿ ಇವನ ಹೆಂಡತಿಯ ತಮ್ಮನೂ ಒಬ್ಬ. ಪತ್ರಿಕೆ ನೋಡಿದ ಅವನು ಊರ ಕಟ್ಟೆಯ ಮೇಲೆ ಕೂತು, "ಗೆದ್ದಿದ್ರ ಪೇಪರಿನಾಗ ಬರ್ತಿತ್ತು. ಮಾವ ಸೋತು ಬಂದು ಸುಳ್ಳು ಹೇಳಾಕತ್ತಾನ" ಎಂದು ಸಾರಿದ್ದನಂತೆ. ಗಾದಿಲಿಂಗಪ್ಪನ ಹೆಂಡತಿ ಬಾಣಂತನಕ್ಕೆ ಅಲ್ಲೇ ಇದ್ದಳು. ಅವಳೂ ಅದನ್ನು ನಂಬಿದಂತೆ ಕಾಣುತ್ತದೆ ಎಂದು ಹೇಳುವಾಗ ಆ ದೊಡ್ಡ ಆಳಿನ ದನಿ ಸಣ್ಣಗಾಯಿತು.

"ಕಪ್ಪು ತೋರಿಸಬೇಕಿತ್ತಲ್ಲಪ್ಪ!"

"ಕಪ್ ಎಲ್ಲೈತ್ರಿ? ಹೆಸರು ಕೆತ್ತಿಸ್ತೀವಿ ಅಂತ ದಾನಿಗಳು ವಾಪಸ್ ಒಯ್ದಾರ. ನಮ್ಮ ಹೆಸರಲ್ರಿ, ಅವರಪ್ಪನ ಹೆಸರು."

ನನ್ನ ಸಿಟ್ಟು ನೆತ್ತಿಗೇರಿತು. ಅಚ್ಚುಕೂಟಕ್ಕೆ ನುಗ್ಗಿ ಖಾಜಾ ಸಾಬರ ಮೇಲೆ ಹರಿಹಾಯ್ದೆ. ಅವರು ತಲೆ ಎತ್ತದೆ, "ನಾ ಓದಿ ಕತ್ತರ್ಸಂಗಿಲ್ಲ ಸಾಬ್. ಓದ್ಕೋತ ಕುಂತ್ರ ಪೇಪರ್ ನಾಳಿ ಬರ್ತೈತಿ" ಎಂದರು. ಸಂಪಾದಕರ ಕೋಣೆಗೆ ನುಗ್ಗಿದೆ. ತಪ್ಪೊಪ್ಪಿಗೆ ಹಾಕಿದರೆ ಪತ್ರಿಕೆಯ ಮಾನ ಹೋಗುತ್ತದೆ ಎಂದರು ಅವರು. ನಮಗೆ ಜಾಹೀರಾತು ಕೊಡುವ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಸಾಹುಕಾರರೇ ಕಪ್ಪಿನ ದಾನಿಗಳಾಗಿದ್ದರಿಂದ ಸಂಪಾದಕರಿಗೆ ಆ ವರದಿಯಲ್ಲಿ ತಪ್ಪೇ ಕಾಣಲಿಲ್ಲ. ನಾನು ಮೇಜು ಕುಟ್ಟಿದೆ. ನನ್ನ ಜನ್ಮದಲ್ಲಿ ಮೇಜು ಕುಟ್ಟಿದ್ದು ಅದೊಂದೇ ಸಲ, ಕೈ ಸಂಜೆಯವರೆಗೂ ನೋಯುತ್ತಿತ್ತು. ಕೊನೆಗೆ ಅವರು ಸೋತು, "ಆತ್ರಿ, ಬರೋ ವಾರ ಕುರುಗೋಡಿನಾಗ ಅದ ಎರಡು ತಂಡ ಆಡ್ತಾವ. ನೀವ ಹೋಗಿ ಬರಿರಿ. ನಾ ಕೈ ಹಚ್ಚಂಗಿಲ್ಲ" ಎಂದರು. ನಾನು ಹೊರಗೆ ಬಂದು ಗಾದಿಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು, ಅಂದರೆ ಕೈ ಎಟುಕಿದಷ್ಟು ಎತ್ತರಕ್ಕೆ ಇಟ್ಟು, "ಕುರುಗೋಡಿನಲ್ಲಿ ನೀನು ಗೆಲ್ಲು. ಮೊದಲನೇ ಸಾಲಿನಲ್ಲಿ ನಿನ್ನ ಹೆಸರು. ಇದು ನನ್ನ ಮಾತು" ಎಂದೆ. ಅವನ ಮುಖ ಅರಳಿತು. "ನಿಮ್ಮನ್ನ ನಂಬೀನ್ರಿ ಸಾರ್. ಆ ಪೇಪರ್ ತಗೊಂಡ ರಾರಾವಿಗೆ ಹೋಗ್ತೀನಿ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಕುರುಗೋಡಿಗೆ ನಾನು ಹೋಗಿ ಇಳಿದಾಗ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಬಯಲಿನಲ್ಲಿ ಸುಣ್ಣದ ಗೆರೆ ಎಳೆದಾಗಿತ್ತು, ಸುತ್ತಲೂ ಜನ. ಅಲ್ಲಿಯ ಸಂಘದ ಕಾರ್ಯದರ್ಶಿ ದೊಡ್ಡಬಸಪ್ಪ ಓಡಿಬಂದು ನನ್ನ ಕೈ ಹಿಡಿದುಕೊಂಡ. ಮುಖ್ಯ ಅತಿಥಿಗಳ ಜೀಪು ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. "ದೇವರ ಬಂದಂಗ ಬಂದೀರಿ. ನೀವ ಕುಂದರ್ರಿ ಆ ಕುರ್ಚಿಮ್ಯಾಲ" ಎಂದ. ನಾನು ಕಡ್ಡಿ ಮುರಿದ ಹಾಗೆ ಆಗುವುದಿಲ್ಲ ಎಂದೆ. ಆಟದ ಬಯಲಿನಲ್ಲಿ ಅತಿಥಿಗಳ ಹಾವಳಿಯನ್ನು ನಾನು ಖಂಡಿಸುತ್ತೇನೆ ಎಂದೂ ಹೇಳಿದೆ. "ಅದನ್ನ ಮೈಕಿನಾಗ ಹೇಳ್ರಿ ಸಾರ್. ಮಂದಿಗೆ ಗೊತ್ತಾಗಲಿ" ಎಂದ ಅವನು. ನೋಡಿ, ಈ ಮಾತಿನಲ್ಲಿ ನ್ಯಾಯವಿದೆ ಎಂದು ನನಗೆ ಅನಿಸಿತು. ಇಷ್ಟು ವರ್ಷ ಮೂಲೆಯಲ್ಲಿ ಕೂತು ಗೊಣಗಿದ್ದನ್ನು ಜನರೆದುರು ಹೇಳುವ ಅವಕಾಶ. ಹೇಳಬೇಕಾದರೆ ವೇದಿಕೆ ಹತ್ತಬೇಕು, ಹತ್ತಿದ ಮೇಲೆ ಹಾರಕ್ಕೆ ಕೊರಳೊಡ್ಡಬೇಕು, ಹಾರ ಹಾಕಿಸಿಕೊಂಡವನು ಕಾಯಿ ಒಡೆಯುವುದಿಲ್ಲ ಎಂದರೆ ಊರಿಗೆ ಅಪಶಕುನ. ಕಾಯಿ ಒಡೆದೆ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು, ಜನ ಚಪ್ಪಾಳೆ ತಟ್ಟಿದರು. ಆ ಸದ್ದು ಕಿವಿಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಮೈಕ್ ಹಿಡಿದೆ. ಆಟಗಾರರನ್ನು ಬಿಸಿಲಿನಲ್ಲಿ ನಿಲ್ಲಿಸಿ ಭಾಷಣ ಬಿಗಿಯುವ ಗಣ್ಯರನ್ನು ತರಾಟೆಗೆ ತೆಗೆದುಕೊಂಡೆ. ಒಂದು ತಂಬಿಗೆ ನೀರು ಕೊಟ್ಟು ಹೆಸರು ಹಾಕಿಸಿಕೊಳ್ಳುವವರನ್ನು ಝಾಡಿಸಿದೆ. ದೇಶದ ಹಾಕಿಗೆ ಬಂದೆ, ಕೃತಕ ಹುಲ್ಲಿಗೆ ಬಂದೆ, ನಮ್ಮ ಜಾಲಿಮುಳ್ಳಿಗೆ ಬಂದೆ. ಕೌಲ್ ಬಜಾರಿನ ರೇಡಿಯೋ ಅಂಗಡಿಯನ್ನೂ ಬಿಡಲಿಲ್ಲ. ಮಾತು ಹರಿಯಿತು, ನನ್ನೊಳಗೆ ಅಷ್ಟು ಮಾತು ಇತ್ತೆಂದು ನನಗೇ ತಿಳಿದಿರಲಿಲ್ಲ. ಗಾದಿಲಿಂಗಪ್ಪ ಗೆರೆಯ ಹತ್ತಿರ ನಿಂತು ಒಂದು ಸಲ ನನ್ನನ್ನು, ಒಂದು ಸಲ ಪಡುವಣದ ಕಲ್ಲುಗುಡ್ಡವನ್ನು ನೋಡುತ್ತಿದ್ದ. ನನ್ನ ಮಾತು ಅವನ ಮನಸ್ಸನ್ನು ಬಹಳ ತಟ್ಟಿದೆ ಎಂದುಕೊಂಡು ಇನ್ನಷ್ಟು ಹೊತ್ತು ಮಾತಾಡಿದೆ.

ಆಟ ಶುರುವಾದದ್ದು ಸೂರ್ಯ ಗುಡ್ಡದ ನೆತ್ತಿ ಮುಟ್ಟಿದ ಮೇಲೆ. ಸಿರಿಗೇರಿಯವರು ಅದ್ಭುತವಾಗಿ ಆಡಿದರು. ಅರ್ಧ ಆಟ ಮುಗಿದಾಗ ಅವರದೇ ಮೇಲುಗೈ. ಆದರೆ ಉಳಿದರ್ಧ ಮುಗಿಯುವ ಮುಂಚೆ ಸುಣ್ಣದ ಗೆರೆ ಮಣ್ಣಿನಲ್ಲಿ ಕಾಣದಾಯಿತು. ಗ್ಯಾಸ್ ಲೈಟು ತರಲು ಹೋದವರು, ಎಲ್ಲ ಲೈಟುಗಳೂ ಮದುವೆಗೆ ಹೋಗಿವೆ ಎಂದು ಬರಿಗೈಲಿ ಬಂದರು. ಗಾದಿಲಿಂಗಪ್ಪ ಎದುರು ತಂಡದ ಮೂವರನ್ನು ಎಳೆದುಕೊಂಡೇ ನಡುಗೆರೆ ಮುಟ್ಟಿದೆ ಎಂದ. ನಗರದವರು ಮುಟ್ಟಿಲ್ಲ ಎಂದರು. ಅಂಪೈರು ಬಗ್ಗಿ ಕಡ್ಡಿ ಗೀರಿ ನೆಲ ನೋಡಿ, "ನನಗ ನನ್ನ ಕಾಲ ಕಾಣಾಕತ್ತಿಲ್ಲ, ಗೆರಿ ಎಲ್ಲಿ ನೋಡ್ಲಿ?" ಎಂದು ಸೀಟಿ ಊದಿ ಪಂದ್ಯವನ್ನೇ ರದ್ದು ಮಾಡಿದ. ನಗರದವರು ಕೊನೆಯ ಬಸ್ಸು ಹಿಡಿದು ಹೋದರು. ಮತ್ತೆ ಆಡಲು ಅವರೇನು ಬರುವವರೇ?

ಮೊದಲನೇ ಸಾಲಿನಲ್ಲಿ ಗೆದ್ದವರ ಹೆಸರು ಎಂದು ಮಾತು ಕೊಟ್ಟಿದ್ದೆ, ಗೆದ್ದವರೇ ಇಲ್ಲ. ಏನು ಬರೆಯುವುದೆಂದು ಕೂತಲ್ಲೇ ಕೂತೆ. ಅಷ್ಟರಲ್ಲಿ ದೊಡ್ಡಬಸಪ್ಪನ ವರದಿ ಅದೇ ಕೊನೆಯ ಬಸ್ಸಿನಲ್ಲಿ ನೇರವಾಗಿ ಅಚ್ಚುಕೂಟಕ್ಕೆ ಹೋಗಿತ್ತು. ಮರುದಿನ ನೋಡುತ್ತೇನೆ, ನಾನು ಕಾಯಿ ಒಡೆದದ್ದು, ನನಗೆ ಹಾರ ಹಾಕಿದ್ದು, 'ಮೈದಾನಗಳಲ್ಲಿ ಭಾಷಣಗಳು ನಿಲ್ಲಬೇಕು' ಎಂದು ನಾನು ಸುದೀರ್ಘವಾಗಿ ಮಾತಾಡಿದ್ದು, ಒಂದಕ್ಷರ ಬಿಡದೆ ಬಂದಿದೆ. ಖಾಜಾ ಸಾಬರು ನಗುತ್ತಾ, "ಇವತ್ತ ಕತ್ತರಿ ಬೇಕಾಗ್ಲಿಲ್ಲ ಸಾಬ್, ಬರೋಬ್ಬರಿ ಕುಂತೈತಿ" ಎಂದರು. ಸಂಜೆ ಗಾದಿಲಿಂಗಪ್ಪ ಮನೆಗೇ ಬಂದ. ಬೈಯುತ್ತಾನೆ ಎಂದು ನಾನು ತಲೆ ತಗ್ಗಿಸಿ ಕೂತೆ. ಅವನು, "ಈ ಸಲ ನೀವು ನಮ್ಮ ಹೆಸರು ಕತ್ತರಿಸಿಲ್ಲ ಬಿಡ್ರಿ ಸಾರ್. ಕತ್ತರ್ಸಾಕ ಏನೂ ಉಳಿಸಿರಲಿಲ್ಲ" ಎಂದಷ್ಟೇ ಅಂದ. ಗೌರಮ್ಮ ಅವನಿಗೆ ರೊಟ್ಟಿ, ನಾನು ಕುರುಗೋಡಿನಿಂದ ತಂದ ಕಾಯಿಯ ಚಟ್ನಿ ಬಡಿಸಿದಳು. ಅವನು ಮರ್ಯಾದೆಗೆ ಒಂದು ರೊಟ್ಟಿ ತಿಂದು ಎದ್ದ. ರಾರಾವಿಗೆ ಹೋದನೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಈ ಅನ್ಯಾಯವನ್ನೆಲ್ಲ ಜಗತ್ತಿಗೆ ಸಾರಬೇಕೆಂದೇ ಈ ಪ್ರಬಂಧ ಬರೆದು ಗೌರಮ್ಮನಿಗೆ ಓದಲು ಕೊಟ್ಟೆ. ಪೂರ್ತಿ ಓದಿದಳು. "ಚಲೋ ಐತಿ. ಆದ್ರ ಮೊದಲ್ನೇ ಸಾಲಿನಾಗ ಆ ಗಾದಿಲಿಂಗಪ್ಪನ ಹೆಸರು ಹಾಕ್ತೀನಿ ಅಂದಿದ್ರಲ್ಲ? ಇಲ್ಲಿ ಕಾಯಿ ಐತಿ, ಆಮ್ಯಾಲ ನಿಮ್ಮ ಬೂಟು ಐತಿ, ನಿಮ್ಮ ಆಣಿ ಐತಿ" ಎಂದು ಹಾಳೆ ವಾಪಸ್ ಕೊಟ್ಟಳು. ಮತ್ತೆ ಬರೆಯಲು ಹೊತ್ತಿಲ್ಲ, ನಾಳೆಯೇ ಕಳಿಸಬೇಕು. ಆದ್ದರಿಂದ ಇದನ್ನು ಅಚ್ಚು ಹಾಕುವವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಜಾಗ ಸಾಲದೆ ಬಂದರೆ ದಯವಿಟ್ಟು ಮೇಲಿನಿಂದ ಕತ್ತರಿಸಿ. ಸಿರುಗುಪ್ಪದ ಫೈನಲಿನಲ್ಲಿ ಗಾದಿಲಿಂಗಪ್ಪನ ನಾಯಕತ್ವದ ಸಿರಿಗೇರಿ ತಂಡವು ಜಯಗಳಿಸಿತು.